ಹಲ್ಲುಪುಡಿ ಡಬ್ಬದ ಪ್ರಯಾಣಿಕ

ಮಧುಗಿರಿಯ ಸಂತೆಯಲ್ಲಿ ಈರುಳ್ಳಿ ಕೊಳ್ಳುವಾಗ ನಾನು ಒಂದೊಂದನ್ನೂ ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ, ಸ್ವಲ್ಪ ಮೇಲೆ ಕೆಳಗೆ ಆಡಿಸಿ ನೋಡುತ್ತೇನೆ. ಈರುಳ್ಳಿ ಮಾರುವ ಹೆಂಗಸಿಗೆ ಇದು ಸರಿಬರುವುದಿಲ್ಲ. “ಅದೇನ್ ಸ್ವಾಮಿ, ಮಗೀನ ತೂಗ್ದಂಗೆ ತೂಗ್ತೀರಾ. ತಗಳಂಗಿದ್ರೆ ತಗಳಿ, ಇಲ್ದಿದ್ರೆ ಮಡಗಿ” ಎಂದು ಕಳೆದ ವಾರವೂ ಅಂದಳು. ನಾನು ಜಿಪುಣನೆಂದು ಅವಳ ತೀರ್ಮಾನ. ನಿಜವೇನೆಂದರೆ ನಾನು ಕೋಳಿಮೊಟ್ಟೆಯಷ್ಟೇ ತೂಗುವ ಈರುಳ್ಳಿಯನ್ನು ಹುಡುಕುತ್ತಿರುತ್ತೇನೆ. ನಾನು ಮೊಟ್ಟೆ ತಿನ್ನುವವನಲ್ಲ. ನಮ್ಮ ಮನೆತನದಲ್ಲಿ ಯಾರೂ ತಿಂದವರಲ್ಲ. ಆದರೂ ಊರುಕೋಳಿಯ ಮೊಟ್ಟೆಯ ಭಾರ ಎಷ್ಟು ಎಂಬುದು ನನ್ನ ಅಂಗೈಗೆ ಒಮ್ಮೆ ಗೊತ್ತಾಗಿಹೋಗಿದೆ, ಇನ್ನು ಮರೆಯುವಂತಿಲ್ಲ. ಇದನ್ನು ಸಂತೆಯಲ್ಲಿ ನಿಂತು ವಿವರಿಸಲಾಗುವುದಿಲ್ಲ. ಹಿಂದೆ ಜನ ಕಾಯುತ್ತಿರುತ್ತಾರೆ. ಆದ್ದರಿಂದ ಇಲ್ಲಿ ವಿವರಿಸುತ್ತೇನೆ.

ನನಗೆ ದಿನಚರಿ ಬರೆಯುವ ಚಾಳಿ ಇದೆ. ಚಾಳಿ ಎಂಬ ಮಾತು ನನ್ನ ತಾಯಿಯದು. ಬಿಸಿಲು ಹೇಗಿತ್ತು, ಬಸ್ಸು ಎಷ್ಟು ತಡವಾಯಿತು, ಎಷ್ಟು ಸೀಮೆಸುಣ್ಣ ಮುರಿಯಿತು, ಹೆಡ್ಮಾಸ್ತರರದು ಒಣಕೆಮ್ಮೋ ಕಫದ ಕೆಮ್ಮೋ, ಎಲ್ಲಕ್ಕೂ ಒಂದೊಂದು ಕಾಲಂ ಎಳೆದು ಗುರುತು ಹಾಕುತ್ತೇನೆ. ಹೀಗಾಗಿ ಈಗ ಹೇಳಲಿರುವ ಸಂಗತಿಗಳ ತಾರೀಖುಗಳೆಲ್ಲ ನನ್ನಲ್ಲಿವೆ. ಕೇಳಿದವರಿಗೆ ತೋರಿಸುತ್ತೇನೆ. ಈವರೆಗೆ ಯಾರೂ ಕೇಳಿಲ್ಲ.

ಅದು ನನ್ನ ಮೊದಲ ಕೆಲಸ. ಬಿ.ಎಸ್ಸಿ. ಮುಗಿಸಿ, ಮೀಸೆ ಪೂರ್ತಿ ಬರುವ ಮೊದಲೇ, ಶಿರಾ ತಾಲ್ಲೂಕು ಗೌಡಗೆರೆ ಹೋಬಳಿಯ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಹೋದೆ. ಹಳ್ಳಿಯ ಹೆಸರು ಬೇಡ. ಆಗಿನ ಹೆಡ್ಮಾಸ್ತರರು ನಿವೃತ್ತರಾಗಿ ಇನ್ನೂ ಅಲ್ಲಿಯೇ ಇದ್ದಾರೆ, ಪತ್ರಿಕೆಗಳನ್ನು ಓದುತ್ತಾರೆ. ಶಿರಾದಿಂದ ಬೆಳಿಗ್ಗೆ ಒಂದು ಬಸ್ಸು ಬರುತ್ತಿತ್ತು, ಸಂಜೆ ಅದೇ ಬಸ್ಸು ಹಿಂದಿರುಗುತ್ತಿತ್ತು. ಊರಿಗೊಂದು ಕೆರೆ ಇತ್ತು. ಅದರಲ್ಲಿ ನೀರಿಗಿಂತ ಹೆಚ್ಚು ದಿನ ಸ್ಕೂಲಿನ ಮಕ್ಕಳೇ ಇರುತ್ತಿದ್ದರು. ಆಟದ ಮೈದಾನವೆಂದು ಬೇರೆ ಇರಲಿಲ್ಲ.

ಆ ವೇಳೆಗೆ ರಷ್ಯದವರು ನಾಯಿಗಳನ್ನು ಆಕಾಶಕ್ಕೆ ಕಳಿಸಿ ಆಗಿತ್ತು. ಮನುಷ್ಯನೂ ಹೋಗಿ ಬಂದಿದ್ದ. ಈ ಸುದ್ದಿಗಳು ನಮ್ಮೂರಿಗೆ ಶೆಟ್ಟರು ಬೆಲ್ಲ ಕಟ್ಟಿಕೊಡುವ ಕಾಗದದ ಮೂಲಕ ಬರುತ್ತಿದ್ದವು. ಹೀಗಾಗಿ ಮನುಷ್ಯ ಆಕಾಶದಿಂದ ಇಳಿದು ಬಂದ ಸುದ್ದಿ ಮೊದಲು ತಲುಪಿತು. ಹತ್ತಿ ಹೋದ ಸುದ್ದಿ ಮರುವಾರ ಬಂತು. ಅವನು ಅಲ್ಲಿಗೆ ಹೋದದ್ದಾದರೂ ಯಾವಾಗ ಎಂದು ಊರಲ್ಲಿ ಒಂದು ವಾರ ಚರ್ಚೆಯಾಯಿತು.

ಏಳನೇ ಕ್ಲಾಸಿಗೆ ಕ್ರಿಯೆ ಪ್ರತಿಕ್ರಿಯೆಯ ಪಾಠ ಬಂದಾಗ ನಾನು ಒಂದು ಬಲೂನಿಗೆ ಗಾಳಿ ತುಂಬಿ ಬಾಯಿ ಬಿಟ್ಟೆ. ಅದು ತರಗತಿಯನ್ನು ಸುತ್ತಿ, ಬಾಗಿಲಿನಿಂದ ಹೊರಬಿದ್ದು, ಹೆಡ್ಮಾಸ್ತರರ ಕಾಫಿ ಲೋಟದಲ್ಲಿ ಇಳಿಯಿತು. ರಾಕೆಟ್ಟು ಹೋಗುವುದೂ ಹೀಗೆಯೇ ಎಂದು ಹೇಳಿದೆ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಸಿದ್ದಲಿಂಗ ಎದ್ದು ನಿಂತ. ಎಲ್ಲದಕ್ಕೂ ಅವನದೊಂದು ಮಾತು ಇರುತ್ತಿತ್ತು.

“ಅಂಗಾರೆ ಸಾ, ಅದು ಬಾಷಾ ಸಾಬ್ರ ಬಾಣನೇ ಅಲ್ವಾ?”

ಅಲ್ಲವೆನ್ನಲು ಕಾರಣ ಹೊಳೆಯಲಿಲ್ಲ.

ಬಾಷಾ ಸಾಹೇಬರು ಬಾಣಬಿರುಸು ಮಾಡುವವರು. ಶಿರಾದ ಉರುಸಿನಿಂದ ಹಿಡಿದು ಪಾವಗಡದ ಕಡೆಯ ಮದುವೆಗಳವರೆಗೆ ಅವರದೇ ಬಾಣ ಹಾರಬೇಕು. ಮದ್ದಿನ ಕೆಲಸವಾದ್ದರಿಂದ ಅವರ ಮನೆ ಊರಾಚೆ ಹುಣಸೆಮರದ ಬಳಿ ಇತ್ತು. ಅವರ ಮೊಮ್ಮಗಳು ಜುಬೇದಾ ಅದೇ ಏಳನೇ ಕ್ಲಾಸಿನಲ್ಲಿದ್ದಳು. ಕಡಿಮೆ ಮಾತಿನ ಹುಡುಗಿ. ಬೆರಳುಗಳು ಮಾತ್ರ ಚುರುಕು. ಅಜ್ಜನಿಗೆ ಬತ್ತಿ ಸುತ್ತಿಕೊಟ್ಟು ಅಭ್ಯಾಸವಾಗಿತ್ತು. ಅವಳೇ ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಬಾಷಾ ಸಾಹೇಬರು ಚಾಪೆ ಹಾಕಿಸಿ, ನನ್ನ ಬೇಡಿಕೆಯನ್ನು ಗಂಭೀರವಾಗಿ ಕೇಳಿದರು.

“ಆವಾಜ್ ಬ್ಯಾಡ್ವಾ?”

“ಬೇಡ ಸಾಹೇಬ್ರೆ.”

“ಬಣ್ಣ?”

“ಬಣ್ಣವೂ ಬೇಡ.”

ಅವರು ದನಿ ತಗ್ಗಿಸಿದರು. “ಯಾರಾನಾ ತೀರ್ಕಂಡವ್ರಾ ಮಾಸ್ಟರ್ ಸಾಬ್?”

ಇದು ವಿಜ್ಞಾನಕ್ಕಾಗಿ ಎಂದು ವಿವರಿಸಿದೆ. ಬಾಣದ ತುದಿಯಲ್ಲೊಂದು ಸಣ್ಣ ಡಬ್ಬ ಇರಬೇಕು, ಮೇಲೆ ಹೋದಮೇಲೆ ಅದು ಬಿಡಿಸಿಕೊಂಡು ಬಟ್ಟೆಯ ಛತ್ರಿ ಹರಡಿ ಮೆಲ್ಲಗೆ ಇಳಿಯಬೇಕು ಎಂದೆ. ಬಾಷಾ ಸಾಹೇಬರ ಮುಖ ಅರಳಿತು. “ಬಿಡಿಸ್ಕಳಾಕೆ ಒಂದು ಪಟಾಕಿ ಬೇಕಲ್ಲ ಮತ್ತೆ. ಆವಾಜ್ ಆಯ್ತದೆ.” ಸಣ್ಣದು ಸಾಕು ಎಂದೆ. “ಸಣ್ದೇ” ಎಂದರು. ಅವರ ಸಣ್ಣದಕ್ಕೂ ನನ್ನ ಸಣ್ಣದಕ್ಕೂ ಇದ್ದ ವ್ಯತ್ಯಾಸ ಮೊದಲ ಹಾರಾಟದಲ್ಲಿ ತಿಳಿಯಿತು. ಆ ಡಬ್ಬ ಸಿಕ್ಕಲೇ ಇಲ್ಲ.

ದಿನಚರಿಯಲ್ಲಿ ಬಾಣಗಳಿಗೆಂದು ಮೂರು ಕಾಲಂ ಎಳೆದೆ: ಮೇಲಕ್ಕೆ, ಪಕ್ಕಕ್ಕೆ, ಎಲ್ಲಿಗೂ ಇಲ್ಲ. ಮೊದಲ ತಿಂಗಳು ಮೂರನೆಯ ಕಾಲಂ ಚೆನ್ನಾಗಿ ತುಂಬಿತು. ಆಮೇಲೆ ಎರಡನೆಯದು. ಪಕ್ಕಕ್ಕೆ ಹೋದವುಗಳಲ್ಲಿ ಒಂದು ಪಂಚಾಯತಿ ಚೇರ್ಮನ್ನರು ಜಗಲಿಯಲ್ಲಿ ಬಿಚ್ಚಿಟ್ಟಿದ್ದ ಛತ್ರಿಯನ್ನು ತೂರಿಕೊಂಡು ಹೋಯಿತು. ಚೇರ್ಮನ್ನರು ಆ ಛತ್ರಿಯನ್ನೇ ಹಿಡಿದುಕೊಂಡು ಸ್ಕೂಲಿಗೆ ಬಂದರು. ನಾನು ರಾಜೀನಾಮೆಯ ಒಕ್ಕಣೆ ಯೋಚಿಸುತ್ತಿದ್ದೆ. ಅವರು, “ಇನ್ನೊಂದು ಯಾವತ್ ಬುಡ್ತೀರ್ರಿ? ಮುಂಚೆ ಹೇಳಿ ಕಳ್ಸಿ. ಕುರ್ಚಿ ಹಾಕಿಸ್ಕಂಡು ಕುಂತ್ಕಳ್ಳಾಣ” ಎಂದರು. ಅಲ್ಲಿಗೆ ನಮ್ಮ ಪ್ರಯೋಗಕ್ಕೆ ಸಾರ್ವಜನಿಕರ ಬೆಂಬಲ ದೊರೆಯಿತು.

ಬಾಣದ ಉದ್ದನೆಯ ಬಿದಿರಕಡ್ಡಿಯನ್ನು ಸಿದ್ದಲಿಂಗ ಹೆರೆದು ಹದ ಮಾಡುತ್ತಿದ್ದ. ಡಬ್ಬ ಹಲ್ಲುಪುಡಿಯದು. ಊರಿನಲ್ಲಿ ಹಲ್ಲುಪುಡಿ ಬಳಸುತ್ತಿದ್ದವರು ನಾನು ಮತ್ತು ಹೆಡ್ಮಾಸ್ತರರು ಮಾತ್ರವಾದ್ದರಿಂದ ನಾನು ದಿನಕ್ಕೆರಡು ಸಲ ಹಲ್ಲುಜ್ಜತೊಡಗಿದೆ. ಛತ್ರಿಗೆ ನನ್ನ ಕರವಸ್ತ್ರ. ಡಬ್ಬದೊಳಗೆ ತುಂಬಲು ನನ್ನ ದಿಂಬಿನ ಹತ್ತಿ. ಡಿಸೆಂಬರ್ ವೇಳೆಗೆ ನನ್ನ ದಿಂಬು ಚಪಾತಿಯಂತಾಗಿತ್ತು, ಆದರೆ ಬಾಣಗಳು ಮೊದಲನೆಯ ಕಾಲಮ್ಮಿಗೆ ಬಂದಿದ್ದವು. ಡಬ್ಬ ಮೇಲೆ ಹೋಗಿ, ಪಟ್ ಎಂದು ಬಿಡಿಸಿಕೊಂಡು, ಕರವಸ್ತ್ರ ಹರಡಿ ತೂಗಾಡುತ್ತ ಇಳಿಯುತ್ತಿತ್ತು.

ಹಾಗೆ ಇಳಿಯುವುದನ್ನು ನಾಲ್ಕಾರು ಸಲ ನೋಡಿದ ಮಕ್ಕಳಿಗೆ ಖಾಲಿ ಡಬ್ಬ ಸಾಲದಾಯಿತು. ಯಾರಾದರೂ ಹೋಗಬೇಕು. ಸಿದ್ದಲಿಂಗ ಓತಿಕ್ಯಾತನನ್ನು ಹಿಡಿದು ತಂದ. ಅದು ಡಬ್ಬವನ್ನು ನೋಡಿದ ಕೂಡಲೇ ಅವನ ಬೆರಳು ಕಚ್ಚಿ ಹೋಯಿತು. ಇನ್ನೊಬ್ಬ ತನ್ನ ಪುಟ್ಟ ತಮ್ಮನನ್ನು ಕೊಡಲು ಸಿದ್ಧನಿದ್ದ. ಡಬ್ಬಕ್ಕೆ ಹಿಡಿಸುವುದಿಲ್ಲವೆಂದು ತಿಳಿದಾಗ ನಿಜವಾಗಿಯೂ ನೊಂದುಕೊಂಡ. ಆಗ ಜುಬೇದಾ, “ಮೊಟ್ಟೆ ಕಳಿಸಾಣ ಸಾ” ಎಂದಳು. ಅದು ಒಡೆಯದೆ ಹಿಂದಿರುಗಿದರೆ ನಮ್ಮ ಬಾಣ ಸರಿ ಎಂದು ಲೆಕ್ಕ. ನನಗೆ ಬಹಳ ಹಿಡಿಸಿತು. ಅವಳು ಮರುದಿನ ಒಂದು ಮೊಟ್ಟೆ ತಂದಳು. ಅದನ್ನು ನಾನು ಅಂಗೈಯಲ್ಲಿಟ್ಟುಕೊಂಡು ನಡುಬೀದಿಯಲ್ಲಿ ಶೆಟ್ಟರ ಅಂಗಡಿಗೆ ಹೋಗಿ, ತಕ್ಕಡಿಯಲ್ಲಿ ಅದಕ್ಕೆ ಸಮನಾದ ಈರುಳ್ಳಿಯೊಂದನ್ನು ಆರಿಸಿದೆ. ಪರೀಕ್ಷಾ ಹಾರಾಟಗಳಿಗೆ ಮೊಟ್ಟೆ ಹಾಳುಮಾಡುವುದು ಬೇಡ, ಈರುಳ್ಳಿ ಸಾಕು ಎಂದು ನನ್ನ ಯೋಜನೆ.

ನಾನು ಮೊಟ್ಟೆ ಹಿಡಿದು ನಡೆದ ಸುದ್ದಿ ನನಗಿಂತ ಮೊದಲು ನನ್ನ ಮನೆಗೆ ತಲುಪಿತ್ತು. ಮನೆಯೊಡತಿ ಸಾವಿತ್ರಮ್ಮನವರು ಬಾಗಿಲಲ್ಲೇ ನಿಂತಿದ್ದರು. “ಹರೆಯದವರು. ನಾನೇನೂ ಕೇಳೋದಿಲ್ಲ. ಬಾವಿ ಹಗ್ಗ ಮಾತ್ರ ಮುಟ್ಟಬೇಡಿ” ಎಂದರು. ಸಂಜೆಯೊಳಗೆ ಹೆಡ್ಮಾಸ್ತರ್ ಶಿವರುದ್ರಯ್ಯನವರು ನನ್ನನ್ನು ಕರೆಸಿದರು. ಅವರು ಒಳ್ಳೆಯ ಮನುಷ್ಯರು. ಜೀವನದಲ್ಲಿ ಎರಡಕ್ಕೇ ಹೆದರುತ್ತಿದ್ದರು: ರಾಹುಕಾಲಕ್ಕೆ ಮತ್ತು ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರಿಗೆ. ಮುಂದಿನ ವಾರ ಸಾಹೇಬರು ಬರುವವರಿದ್ದರು, ಬಾಣವನ್ನು ಅವರ ಮುಂದೆ ಬಿಡುವುದೆಂದು ಆಗಿತ್ತು.

“ಮೇಷ್ಟ್ರೆ, ಬಾಣಕ್ಕೆ ಪೂಜೆ ಆಗಬೇಕು. ಪೂಜೆ ಆಗೋ ವಸ್ತುವಿನೊಳಗೆ ಮೊಟ್ಟೆ ಕೂಡದು.”

“ಪರೀಕ್ಷೆಗೆ ಈರುಳ್ಳಿ ಇಡುತ್ತಿದ್ದೇವೆ ಸಾರ್.”

“ಈರುಳ್ಳಿಯೂ ಮಡಿಗೆ ಆಗಿಬರೋದಲ್ಲ. ಆದರೆ ಡಬ್ಬದ ಒಳಗಿದ್ದರೆ ಕಾಣೋದಿಲ್ಲ. ಇರಲಿ.”

ಹೀಗೆ ಈರುಳ್ಳಿಗೆ ಪ್ರಯಾಣಿಕನಾಗಿ ಬಡ್ತಿ ಸಿಕ್ಕಿತು. ತರಗತಿಯಲ್ಲಿ ಇದನ್ನು ಪ್ರಕಟಿಸಿದೆ. ಜುಬೇದಾ, “ಈರುಳ್ಳಿ ಹೋಗಿ ಬಂದ್ರೆ ಏನ್ ಸಾ ಬಂತು? ಅದುಕ್ಕೇನ್ ತಿಳೀತದೆ?” ಎಂದಳು. ಮೊಟ್ಟೆಗೂ ಏನೂ ತಿಳಿಯುವುದಿಲ್ಲವಲ್ಲ ಎಂದೆ. ಅವಳು ನನ್ನನ್ನೇ ನೋಡಿದಳು. ಇಷ್ಟು ಓದಿದವನಿಗೆ ಇಷ್ಟೂ ತಿಳಿಯದೇ ಎಂಬಂತಹ ನೋಟ. ನಾನು ಪಾಠ ಮುಂದುವರಿಸಿದೆ.

ಈಗ ನಾನು ಆಗ ತಿಳಿಯದೆ ಇದ್ದ ಒಂದು ಸಂಗತಿಯನ್ನು ಹೇಳಬೇಕು. ಬಾಷಾ ಸಾಹೇಬರ ಮನೆಯಲ್ಲಿ ಒಂದು ಕಂದುಕೋಳಿ ಕಾವಿಗೆ ಕೂತಿತ್ತು. ಅದಕ್ಕೆ ಮೊದಲ ಕಾವು. ಜುಬೇದಾಳ ಅಜ್ಜಿ, ಅವಳು ದಾದಿಮಾ ಎನ್ನುತ್ತಿದ್ದವರು, ಕೋಳಿಯಡಿಯ ಮೊಟ್ಟೆಗಳಲ್ಲಿ ಒಂದನ್ನು ಮೊಮ್ಮಗಳಿಗೆಂದೇ ಬಿಟ್ಟುಕೊಟ್ಟಿದ್ದರು. ಅದರಿಂದ ಬಂದ ಮರಿ ಅವಳದು. ಸಾಕಲಿ, ಹೆಸರಿಡಲಿ, ಯಾರೂ ಕೇಳುವಂತಿಲ್ಲ. ಜುಬೇದಾ ಅದರ ಮೇಲೆ ಮಸಿಯಲ್ಲಿ ಚಂದ್ರನನ್ನು ಬರೆದಿದ್ದಳು. ಕೋಳಿ ಮೇವಿಗೆ ಎದ್ದಾಗಲೆಲ್ಲ ಹೋಗಿ ಅದನ್ನು ಕಿವಿಗೆ ಹಿಡಿದು ನೋಡುತ್ತಿದ್ದಳು. ಅವಳಿಗಿದ್ದ ಸ್ವಂತ ಆಸ್ತಿ ಅದೊಂದೇ. ರಷ್ಯದವರು ಜೀವವಿದ್ದ ನಾಯಿಯನ್ನು ಕಳಿಸಿದ್ದರು. ನಾವು ಜೀವವಿಲ್ಲದ ಈರುಳ್ಳಿಯನ್ನು ಕಳಿಸುವುದು ಅವಳಿಗೆ ಸುಳ್ಳೆನಿಸಿತು. ಡಬ್ಬ ತುಂಬುವ ಕೆಲಸ ಅವಳದೇ. ಕೋಳಿ ಬಿಟ್ಟೆದ್ದು ಸ್ವಲ್ಪ ಹೊತ್ತು ತಿರುಗಾಡಿ ಬಂದರೂ ಮೊಟ್ಟೆಗೆ ಏನೂ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಾಣ ಹೋಗಿ ಬರಲು ಅಷ್ಟು ಹೊತ್ತೂ ಬೇಡ. ಲೆಕ್ಕ ಸರಿಯಾಗಿತ್ತು.

ಆ ಬೆಳಿಗ್ಗೆ ಅವಳು ಚಂದ್ರನ ಮೊಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದು, ನನ್ನ ದಿಂಬಿನ ಹತ್ತಿಯಲ್ಲಿ ಸುತ್ತಿ ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದಳು. ಈರುಳ್ಳಿಯನ್ನು ಕಿಟಕಿಯ ಮೇಲಿಟ್ಟಳು. ತರಗತಿಗೆಲ್ಲ ಗೊತ್ತಿತ್ತು. ಬಾಷಾ ಸಾಹೇಬರಿಗೆ ಗೊತ್ತಿರಲಿಲ್ಲ, ಚೇರ್ಮನ್ನರಿಗೆ ಗೊತ್ತಿರಲಿಲ್ಲ, ನಮ್ಮಿಬ್ಬರು ಮೇಷ್ಟ್ರುಗಳಿಗಂತೂ ಗೊತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ಸಾಹೇಬರು ಬೆಳಗಿನ ಬಸ್ಸಿಗೆ ಬರಬೇಕಿತ್ತು. ಆಮೇಲೆ ರಾಹುಕಾಲ ಬರುವುದರಿಂದ ಪೂಜೆಯನ್ನು ಮೊದಲೇ ಮುಗಿಸಿಬಿಡೋಣವೆಂದು ಹೆಡ್ಮಾಸ್ತರರು ನಿರ್ಧರಿಸಿದರು. ಕೆರೆಯಂಗಳದಲ್ಲಿ ಬಾಣವನ್ನು ಗೂಟಕ್ಕೆ ಒರಗಿಸಿ ನಿಲ್ಲಿಸಿದೆವು. ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿದರು. ಹಾರ ಬಾಣಕ್ಕಿಂತ ಭಾರವಿತ್ತು. ಹಾರಿಸುವ ಮುನ್ನ ತೆಗೆಯಬಹುದು ಎಂಬ ಮಾತನ್ನು ಪಡೆದುಕೊಂಡೆ. ತೆಂಗಿನಕಾಯಿ ಒಡೆಯುವಾಗ ಬತ್ತಿಯ ಮೇಲೆ ಸ್ಲೇಟು ಹಿಡಿದು ಕಾಪಾಡಿದೆ. ಬಾಷಾ ಸಾಹೇಬರೂ ಟೋಪಿ ಹಾಕಿಕೊಂಡು, ಕಣ್ಣು ಮುಚ್ಚಿ, ತಮ್ಮ ಲೆಕ್ಕದಲ್ಲೊಂದು ಪ್ರಾರ್ಥನೆ ಮಾಡಿದರು. ಪೂಜೆ ಮುಗಿದ ಮೇಲೆ ಹೆಡ್ಮಾಸ್ತರರು ರೂಲುದೊಣ್ಣೆ ಹಿಡಿದು ಹೇಳಿದರು, “ಇನ್ನು ಸಾಹೇಬರು ಬರೋತನಕ ಇದನ್ನು ಯಾರೂ ಮುಟ್ಟಕೂಡದು. ಮೇಷ್ಟ್ರೆ, ನೀವೂ.”

ಬಸ್ಸು ಬರಲಿಲ್ಲ.

ಮಾಗಿಯ ಚಳಿ. ಬಯಲು ಕೆರೆ. ಆ ಕಡೆಯ ಗಾಳಿ ಎಂಥದೆಂದು ಶಿರಾ ಕಡೆಯವರಿಗೆ ಹೇಳಬೇಕಾಗಿಲ್ಲ. ಚೇರ್ಮನ್ನರು ಕಂಬಳಿ ಹೊದ್ದು ಕುರ್ಚಿಯಲ್ಲಿ ನಿದ್ದೆ ಹೋದರು. ಜುಬೇದಾ ಬಾಣದ ಹತ್ತಿರ ಹೋಗಿ ಡಬ್ಬದ ಸುತ್ತ ಎರಡೂ ಕೈ ಹಿಡಿದು ನಿಂತಳು.

“ಮುಟ್ಟಬೇಡಮ್ಮ. ಪೂಜೆ ಆಗಿದೆ” ಎಂದರು ಹೆಡ್ಮಾಸ್ತರರು.

“ಮುಟ್ಟಿಲ್ಲ ಸಾ. ಸುತ್ತ ಹಿಡ್ಕಂಡಿವ್ನಿ.”

“ಸುತ್ತಲೂ ಹಿಡೀಬೇಡ.”

ಅವಳು ಒಂದು ಹೆಜ್ಜೆ ಹಿಂದೆ ಸರಿದು ಗಾಳಿ ಬರುವ ಕಡೆಗೆ ನಿಂತು ದಾವಣಿಯನ್ನು ಅಗಲಿಸಿ ಹಿಡಿದಳು. ಸ್ವಲ್ಪ ಹೊತ್ತಿಗೆ ಸಿದ್ದಲಿಂಗ ಹೋಗಿ ಅವಳ ಪಕ್ಕ ನಿಂತ. ಆಮೇಲೆ ಒಬ್ಬೊಬ್ಬರಾಗಿ ಇಡೀ ಏಳನೇ ಕ್ಲಾಸು ಭುಜಕ್ಕೆ ಭುಜ ತಾಗಿಸಿ ಗೋಡೆಯಂತೆ ನಿಂತಿತು. ಹೇಳದೆಯೇ ಮಕ್ಕಳು ಇಷ್ಟು ಶಿಸ್ತಾಗಿ ಸಾಲು ನಿಂತದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಹೆಡ್ಮಾಸ್ತರರಿಗೂ ಸಂತೋಷವಾಯಿತು. ಸಾಹೇಬರು ಬರುವಾಗಲೂ ಹೀಗೇ ನಿಂತಿರಿ ಎಂದರು.

“ಸಾ, ಈಗ್ಲೇ ಬುಟ್ಬುಡಾಣ ಸಾ” ಎಂದಳು ಜುಬೇದಾ. “ಸಾಹೇಬ್ರಿಗೆ ಇನ್ನೊಂದು ಮಾಡಿ ತೋರ್ಸಾಣ.”

ಇರುವುದು ಒಂದೇ ಬಾಣ ಎಂದೆ.

“ಅಲ್ಲಾ ಸಾ, ಈರುಳ್ಳಿಗೆ ಚಳಿ ಆಗಾಕಿಲ್ವಾ?” ಎಂದ ಸಿದ್ದಲಿಂಗ.

ಸಸ್ಯಗಳಿಗೆ ನರಗಳಿಲ್ಲದ ಕಾರಣ ಚಳಿಯ ಅನುಭವ ಆಗುವುದಿಲ್ಲವೆಂದು ವಿವರಿಸಿದೆ. ಎಲ್ಲರೂ ಕೇಳಿದರು. ಯಾರೂ ಒಪ್ಪಿದಂತೆ ಕಾಣಲಿಲ್ಲ.

ಬಸ್ಸು ಶಿರಾ ದಾಟಿದ ಮೇಲೆ ಟಯರು ಪಂಕ್ಚರಾಗಿ ನಿಂತಿತ್ತಂತೆ. ಸಾಹೇಬರು ಬಂದಾಗ ಬಿಸಿಲು ಏರತೊಡಗಿತ್ತು, ಗಾಳಿ ಮಾತ್ರ ಇಳಿದಿರಲಿಲ್ಲ. ಅವರು ಸಭ್ಯರು, ನಿಧಾನಸ್ಥರು. ಮೊದಲು ಹಾಜರಿ ಪುಸ್ತಕಗಳನ್ನು ನೋಡುವುದು ಪದ್ಧತಿ ಎಂದರು, ನೋಡಿದರು. ಆಮೇಲೆ ಉಪ್ಪಿಟ್ಟು ಬಂತು. ಉಪ್ಪಿಟ್ಟು ಮಾಡುವ ಮುದುಕಮ್ಮನಿಗೆ ಈರುಳ್ಳಿ ಸಾಲದೆ ಬಂದು ಕಿಟಕಿಯ ಮೇಲಿದ್ದ ಒಂದನ್ನು ತೆಗೆದುಕೊಂಡು ಹೋಗಿ ಹೆಚ್ಚಿ ಹಾಕಿದ್ದಳು. ಆಕಾಶಕ್ಕೆ ಹೋಗಬೇಕಾಗಿದ್ದ ಈರುಳ್ಳಿ ಅದು. ಉಪ್ಪಿಟ್ಟು ಬಹಳ ರುಚಿಯಾಗಿದೆಯೆಂದು ಸಾಹೇಬರು ಎರಡನೆಯ ಸಲ ಹಾಕಿಸಿಕೊಂಡರು. ಕಿಟಕಿಯಿಂದ ನೋಡಿದರೆ ಕೆರೆಯಂಗಳದಲ್ಲಿ ಏಳನೇ ಕ್ಲಾಸು ಇನ್ನೂ ಹಾಗೆಯೇ ಸಾಲು ನಿಂತಿತ್ತು. “ನಿಮ್ಮ ಶಾಲೆಯ ಶಿಸ್ತು ಚೆನ್ನಾಗಿದೆ” ಎಂದರು. ಹೆಡ್ಮಾಸ್ತರರು ಕೆಮ್ಮಿದರು. ಒಣಕೆಮ್ಮು.

ಕೊನೆಗೂ ಬಂದು ಸಾಹೇಬರು ಬಾಣವನ್ನು ಸುತ್ತಿ ನೋಡಿದರು.

“ಡಬ್ಬದೊಳಗೆ ಏನಿದೆ?”

“ಪ್ರಯಾಣಿಕ ಸಾರ್” ಎಂದರು ಹೆಡ್ಮಾಸ್ತರರು.

“ಯಾರು?”

“ಈರುಳ್ಳಿ ಸಾರ್.”

ಸಾಹೇಬರು ತಲೆಯಾಡಿಸಿದರು. ಇಲಾಖೆಯಲ್ಲಿ ಬಹಳ ವರ್ಷ ಇದ್ದವರು.

ಹಾರ ತೆಗೆದೆ. ಬಾಷಾ ಸಾಹೇಬರು ಬತ್ತಿಗೆ ಕಿಡಿ ಮುಟ್ಟಿಸಿ ಹಿಂದೆ ಸರಿದರು. ಅಂಥ ಹಾರಾಟವನ್ನು ನಾನು ಆಮೇಲೂ ನೋಡಿಲ್ಲ. ಬಾಣ ಗೂಟ ಬಿಟ್ಟು ಗೆರೆ ಎಳೆದಂತೆ ನೆಟ್ಟಗೆ ಹೋಯಿತು. ಹೊಗೆಯ ದಾರ ನೇತುಬಿದ್ದಿತ್ತು. ಮೇಲೆ ಪಟ್ ಎಂದಿತು. ಸಣ್ಣದೇ. ಕರವಸ್ತ್ರ ಅರಳಿತು. ಚೇರ್ಮನ್ನರು ಎಚ್ಚರಗೊಂಡು ಚಪ್ಪಾಳೆ ಹೊಡೆದರು. ಡಬ್ಬ ತೂಗಾಡುತ್ತ ಗಾಳಿಗೆ ಜರುಗಿ ಹುರುಳಿ ಹೊಲದ ಕಡೆ ಹೋಯಿತು. ಅದರ ಕೆಳಗೆ ಜುಬೇದಾ ತಲೆಯೆತ್ತಿಕೊಂಡು ಓಡುತ್ತಿದ್ದಳು, ಅವಳ ಹಿಂದೆ ಇಡೀ ತರಗತಿ. ಒಂದು ಈರುಳ್ಳಿಗಾಗಿ ಇಷ್ಟೊಂದು ಓಡುತ್ತಾರಲ್ಲ ಎಂದುಕೊಂಡು ನಾನು ಸಾಹೇಬರನ್ನು ಕರೆದುಕೊಂಡು ಹಿಂದಿನಿಂದ ನಡೆದೆ.

ನಾವು ತಲುಪಿದಾಗ ಅವಳು ಹುರುಳಿ ಗಿಡಗಳ ನಡುವೆ ಕೂತು ಡಬ್ಬದಿಂದ ಹತ್ತಿ ಬಿಡಿಸುತ್ತಿದ್ದಳು. ಒಳಗಿನಿಂದ ಮೊಟ್ಟೆ ಬಂತು.

“ಇದು ಈರುಳ್ಳಿಯಲ್ಲ” ಎಂದರು ಸಾಹೇಬರು.

ಹೆಡ್ಮಾಸ್ತರರು ನನ್ನನ್ನು ನೋಡ ಹೋಗಿ, ಆಗದೆ, ಆಕಾಶವನ್ನು ನೋಡಿದರು. ಸಾಹೇಬರು ಬಾಗಿ ಕನ್ನಡಕ ಸರಿಪಡಿಸಿಕೊಂಡು ಮೊಟ್ಟೆಯನ್ನು ಎಲ್ಲ ಕಡೆಯಿಂದಲೂ ಪರೀಕ್ಷಿಸಿದರು. “ಎಲ್ಲೂ ಒಡೆದಿಲ್ಲ. ಒಂದು ಬಿರುಕೂ ಇಲ್ಲ. ಮೊಟ್ಟೆಯನ್ನು ಕಳಿಸಿ ಇಳಿಸಿದ್ದೀರಿ. ಇದನ್ನು ಈರುಳ್ಳಿ ಎಂದದ್ದು ನಿಮ್ಮ ವಿನಯ” ಎಂದು ಹೆಡ್ಮಾಸ್ತರರ ಕೈ ಕುಲುಕಿದರು. ಶಾಲೆಯ ಭೇಟಿ ಪುಸ್ತಕದಲ್ಲಿ ಒಂದು ಪುಟ ಹೊಗಳಿ ಬರೆದರು. ಹೆಡ್ಮಾಸ್ತರರು ಆ ಪುಟವನ್ನು ನಿವೃತ್ತರಾಗುವವರೆಗೂ ಬಂದವರಿಗೆಲ್ಲ ತೋರಿಸಿದರು.

ಮಕ್ಕಳು ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಜುಬೇದಾ ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಕೂತಿದ್ದಳು. ಆಮೇಲೆ ಕಿವಿಗೆ ಹಿಡಿದಳು. ಆಮೇಲೆ ಅದನ್ನು ಕಂಕುಳಲ್ಲಿಟ್ಟುಕೊಂಡು, ಸಾಹೇಬರಿಗೆ ಹೇಳದೆ, ನನಗೂ ಹೇಳದೆ, ಮನೆ ಕಡೆ ಓಡಿದಳು.

“ಎಲ್ಲಿಗೆ ಹೋದಳೋ ಅವಳು?” ಎಂದು ಸಿದ್ದಲಿಂಗನನ್ನು ಕೇಳಿದೆ.

“ಕೋಳಿ ಅಡೀಕೆ ಮಡಗಾಕೆ ಸಾ. ಕಾವಿನ ಮೊಟ್ಟೆ ಅಲ್ವಾ, ಒಳಗೆ ಮರಿ ಐತೆ.” ನನ್ನ ಮುಖ ನೋಡಿ, “ನಿಮ್ಗೆ ಗೊತ್ತಿರ್ನಿಲ್ವಾ ಸಾ? ನೀವು ಸೈನ್ಸ್ ಮೇಷ್ಟ್ರು” ಎಂದ.

ಸಂಜೆ ನಾನು ಹುಣಸೆಮರದ ಮನೆಗೆ ಹೋದೆ. ಸಾವಿತ್ರಮ್ಮನವರ ಬಾವಿಹಗ್ಗ ಆ ವೇಳೆಗೆ ಹೇಗೂ ಕೈತಪ್ಪಿತ್ತು. ದಾದಿಮಾ ಬುಟ್ಟಿಯ ಪಕ್ಕ ಕೂತಿದ್ದರು. ಕೋಳಿ ರೆಕ್ಕೆ ಹರಡಿ, ನನ್ನನ್ನು ಒಂದೇ ಕಣ್ಣಿನಿಂದ ನೋಡುತ್ತ ಕೂತಿತ್ತು. ಜುಬೇದಾ ಕಂಬಕ್ಕೆ ಒರಗಿದ್ದಳು.

“ಸೇರ್ಸ್ಕಂತಾ ಕೋಳಿ?” ಎಂದೆ. ಏನು ಕೇಳಬೇಕೆಂಬುದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ.

“ಸೇರ್ಸ್ಕಂಡೈತೆ. ಅದು ಯಾವುದ್ನಾನಾ ಸೇರ್ಸ್ಕಂತದೆ, ನಿಮ್ಮ ಈರುಳ್ಳಿ ಮಡಗಿದ್ರೂ ಕೂತ್ಕಂತದೆ” ಎಂದರು ದಾದಿಮಾ. “ಅಲ್ಲಾ ಮೇಷ್ಟ್ರೆ, ಆ ಹುಡ್ಗೀಗಂತೂ ಬುದ್ಧಿ ಇಲ್ಲ. ಬೆಳಗಿಂದ ಗಾಳೀಲಿ ನಿಲ್ಸಿದ್ರಂತಲ್ಲ, ಇಷ್ಟೊಂದು ಜನ ಓದಿದೋರು ಇದ್ರಲ್ಲ, ಒಬ್ರಿಗಾದ್ರೂ ತಿಳೀಬಾರ್ದಾ?”

ತಿಳಿಯಲಿಲ್ಲ ಎಂದೆ.

“ಮೇಲೆ ಹೋಗಿ ಬಂದಿದ್ದಕ್ಕೆ ಏನೂ ಆಗಿರಾಕಿಲ್ಲ ದಾದಿಮಾ” ಎಂದಳು ಜುಬೇದಾ. “ಒಂಚೂರೂ ಏಟು ಬಿದ್ದಿಲ್ಲ. ಮೆತ್ತಗೆ ಇಳೀತು. ನಾನು ನೋಡ್ದೆ.”

“ಅದ್ನ ಯಾರ್ ಕೇಳಿದ್ರೇ?” ಎಂದರು ಅಜ್ಜಿ. ಬಾಷಾ ಸಾಹೇಬರು ಒಳಗಿನಿಂದ, “ನನ್ ಬಾಣ ಸರಿಯಾಗೈತೆ” ಎಂದರು.

ಆಮೇಲಿನ ದಿನಗಳಲ್ಲಿ ಏಳನೇ ಕ್ಲಾಸಿನಲ್ಲಿ ಪಾಠ ನಡೆಯಿತೆಂದು ಹೇಳಲಾರೆ. ಜುಬೇದಾ ಬಾಗಿಲಿಗೆ ಬರುತ್ತಲೇ ಎಲ್ಲರೂ ತಿರುಗುತ್ತಿದ್ದರು, ಅವಳು ಇನ್ನೂ ಇಲ್ಲವೆಂದು ತಲೆಯಾಡಿಸಿ ಕೂರುತ್ತಿದ್ದಳು. ಹೊರಬಂದ ಮರಿ ಹದ್ದಿನಷ್ಟು ಮೇಲೆ ಹಾರುತ್ತದೆಯೋ ಇಲ್ಲವೋ ಎಂದು ಸಿದ್ದಲಿಂಗ ಪಂಥ ಕಟ್ಟಿದ್ದ. ಹೆಡ್ಮಾಸ್ತರರೂ ನನ್ನನ್ನು ಬದಿಗೆ ಕರೆದು, “ಅದು ಏನಾಯಿತು? ಹೆಸರು ಹೇಳಬೇಡಿ, ಆಯಿತೋ ಇಲ್ಲವೋ ಅಷ್ಟೇ ಹೇಳಿ” ಎಂದು ಕೇಳತೊಡಗಿದರು. ನಾನು ದಿನಚರಿಯಲ್ಲಿ ಒಂದು ಹೊಸ ಕಾಲಂ ಎಳೆದೆ. ತಲೆಬರಹ ಏನು ಕೊಡಬೇಕೆಂದು ತಿಳಿಯದೆ ಹಾಗೆಯೇ ಬಿಟ್ಟೆ.

ಒಂದು ಭಾನುವಾರ ಸಿದ್ದಲಿಂಗ ಓಡಿ ಬಂದು ಕರೆದ. ಹೋದೆ. ಅಂಗಳದಲ್ಲಿ ಕಂದುಕೋಳಿ ಮರಿಗಳನ್ನು ಸುತ್ತ ಹಾಕಿಕೊಂಡು ಕೆದರುತ್ತಿತ್ತು. ಮರಿಗಳು ಹಳದಿ, ಕಪ್ಪು, ಮಚ್ಚೆ, ಎಲ್ಲ ಬಗೆಯವೂ ಇದ್ದವು. ಬುಟ್ಟಿಯಲ್ಲಿ ಒಂದು ಮೊಟ್ಟೆ ಉಳಿದಿತ್ತು. ಮಸಿಯ ಚಂದ್ರ ಕೋಳಿಯ ಮೈ ಉಜ್ಜಿ ಮಾಸಿದ್ದರೂ ಕಾಣುತ್ತಿತ್ತು. ದಾದಿಮಾ ಹಿಂದಿನ ದಿನವೇ ಎಸೆಯಲು ಹೋದರಂತೆ, ಜುಬೇದಾ ಬಿಟ್ಟಿರಲಿಲ್ಲ. ರಾತ್ರಿಯೆಲ್ಲ ಹೊಟ್ಟೆಗೆ ಕಟ್ಟಿಕೊಂಡು ಮಲಗಿದ್ದಳಂತೆ. ಈಗ ಅವಳೇ ಅದನ್ನು ಅಜ್ಜಿಯ ಕೈಗೆ ಕೊಟ್ಟಳು.

ದಾದಿಮಾ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕಲ್ಲಿನ ಅಂಚಿಗೆ ತಟ್ಟಿ ಬಿಡಿಸಿದರು. ನಾನು ನೋಡಬಾರದೆಂದುಕೊಂಡೆ, ನೋಡಿದೆ. ಮರಿ ಆಗಿತ್ತು. ರೆಕ್ಕೆ, ಕೊಕ್ಕು, ಒದ್ದೆಯ ತುಪ್ಪಳ, ಎಲ್ಲ ಆಗಿತ್ತು. ದಾದಿಮಾ ಬೆರಳ ತುದಿಯಿಂದ ಅದರ ಕತ್ತು, ಕಾಲು, ಬೆನ್ನನ್ನು ಮುಟ್ಟಿ ನೋಡಿದರು.

“ಏಟು ಬಿದ್ದಿಲ್ಲ ಕಣಮ್ಮ. ನೀನು ಹೇಳಿದ್ದು ಸರಿ. ಎಲ್ಲೂ ಏಟಿಲ್ಲ” ಎಂದರು. “ತಣ್ಣಗಾಗಿ ಹೋಗೈತೆ.”

ಹುಣಸೆಮರದ ಬುಡದಲ್ಲಿ ಸಿದ್ದಲಿಂಗ ಗುಂಡಿ ತೋಡಿದ. ಬಾಷಾ ಸಾಹೇಬರು ಟೋಪಿ ಹಾಕಿಕೊಂಡು ಬಂದು ನಿಂತರು. ದಾದಿಮಾ ಮೊಮ್ಮಗಳಿಗೆ ಬೇರೆ ಮರಿ ಆರಿಸಿಕೋ ಎಂದರು, ಅವಳು ಬೇಡವೆಂದಳು.

ಆ ರಾತ್ರಿ ಹೊಸ ಕಾಲಮ್ಮಿಗೆ ಏನೂ ಬರೆಯಲಿಲ್ಲ. ಬದಲಿಗೆ ಮರುದಿನ ತರಗತಿಯಲ್ಲಿ ಆಡಬೇಕಾದ ಮಾತುಗಳನ್ನು ಯೋಚಿಸಿದೆ. ವಿಜ್ಞಾನ, ತ್ಯಾಗ, ಧೈರ್ಯ ಎಂಬ ಪದಗಳೆಲ್ಲ ಬರುವಂತೆ ಒಂದು ಸಣ್ಣ ಭಾಷಣ ಸಿದ್ಧವಾಯಿತು. ಇನ್ನು ಮುಂದೆ ಬಾಣಗಳೇ ಬೇಡ ಎಂಬುದು ಅದರ ಕೊನೆಯ ವಾಕ್ಯ.

ಬೆಳಿಗ್ಗೆ ಜುಬೇದಾ ಎಂದಿನ ಹೊತ್ತಿಗೇ ಬಂದಳು. ಯಾರೂ ತಿರುಗಿ ನೋಡಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಚೀಲದಿಂದ ಬಾಣಕ್ಕೆಂದು ಸುತ್ತಿದ ಬತ್ತಿಯ ಒಂದು ಕಟ್ಟು ತೆಗೆದು ನನ್ನ ಮೇಜಿನ ಮೇಲಿಟ್ಟಳು. ನಾನು ಗಂಟಲು ಸರಿಮಾಡಿಕೊಂಡೆ.

“ಸಾ” ಎಂದಳು. “ಮುಂದಿನ್ ಕಿತ ಸಾಹೇಬ್ರು ಬರಾಕಿಂತ ಮುಂಚೇನೇ ಬುಟ್ಬುಡಾಣ.”